ಹಳೆಯ ಜೀಪಿನ ಕಬ್ಬಿಣದ ಕವಚ: ಯಾರ ರಕ್ಷಣೆಗೆ?

ಕೊಡಚಾದ್ರಿ, ಮಾಂದಲಪಟ್ಟಿಯ ಏರುಹಾದಿಗಳಲ್ಲಿ ಪ್ರವಾಸಿಗರನ್ನು ಹೊತ್ತೊಯ್ಯುವ ಹಳೆಯ ಜೀಪುಗಳ ಮುಂಭಾಗದಲ್ಲಿ ಕಬ್ಬಿಣದ ಗಾರ್ಡ್ ಸಾಮಾನ್ಯ ನೋಟ. ಇಂಥ ಗಾರ್ಡ್‌ಗಳು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ಪತ್ರ ಬರೆದಿತ್ತು. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಉಂಟು.

ಗಾರ್ಡ್‌ನ ಮಟ್ಟಿಗೆ ಸರಕಾರದ ನಿಲುವು ಸರಿಯಾದುದೇ. ಚಾಸಿಗೆ ಬಿಗಿದ ದಪ್ಪ ಕೊಳವೆ ಢಿಕ್ಕಿಯ ಪೆಟ್ಟನ್ನು ಹೀರದೆ ಒಳಗೆ ಕುಳಿತವರಿಗೇ ದಾಟಿಸುತ್ತದೆ. ಹಳೆಯ ಜೀಪಿನಲ್ಲಿ ಏರ್‌ಬ್ಯಾಗೇ ಇಲ್ಲ, ಅದಕ್ಕೆ ಅಡ್ಡಿಯಾಗುವ ಪ್ರಶ್ನೆಯೇ ಇಲ್ಲ ಎಂಬ ವಾದವುಂಟು. ಎದುರಿಗೆ ಸಿಕ್ಕ ಪಾದಚಾರಿಗೆ ಅದರಿಂದೇನು ಬಂತು?

ಆದರೆ ಇಳಿಜಾರಿನಲ್ಲಿ ಈ ಜೀಪುಗಳ ದೊಡ್ಡ ಅಪಾಯ ಮಗುಚುವುದು. ಕ್ಯಾನ್ವಾಸ್ ಹೊದಿಕೆ ತಲೆ ಕಾಯದು. ಅಲ್ಲಿ ಬೇಕಾದುದು ರೋಲ್ ಕೇಜ್. ಅದರ ಕಾಲುಗಳು ಚಾಸಿಗೆ ಕೂಡಿರಬೇಕು. ತಳದ ತಗಡಿಗಷ್ಟೇ ವೆಲ್ಡ್ ಮಾಡಿದರೆ ಮಗುಚಿದ ಭಾರಕ್ಕೆ ಕೊಳವೆ ತಗಡನ್ನೇ ತೂರಬಹುದು. ತುಕ್ಕು ಹಿಡಿದ ತಗಡಾದರೆ ಹೇಳುವುದೇ ಬೇಡ. ಜತೆಗೆ ಸೀಟ್‌ಬೆಲ್ಟ್ ಇರಲೇಬೇಕು. ಇಲ್ಲವಾದರೆ ಆ ಕೊಳವೆಯೇ ತಲೆ ಒಡೆದೀತು.

ತಯಾರಕರ ಮೂಲ ವಿನ್ಯಾಸಕ್ಕೆ ಭಿನ್ನವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಹೀಗಾಗಿ ಅಲಂಕಾರದ ಗಾರ್ಡೂ ಪ್ರಾಣ ಉಳಿಸಬಲ್ಲ ಕೇಜೂ ಒಂದೇ ಗುಮಾನಿಗೆ ಗುರಿಯಾಗಿವೆ. ಬಾಡಿಗೆ ಜೀಪುಗಳು ಹೇಗೂ ಅರ್ಹತಾ ಪತ್ರಕ್ಕಾಗಿ ಆರ್‌ಟಿಒ ಎದುರು ನಿಲ್ಲಬೇಕು. ಕೊಳವೆಯ ದಪ್ಪ, ಬಿಗಿಯುವ ಸ್ಥಾನಗಳಿಗೆ ಮಾನದಂಡವೊಂದನ್ನು ನಿಗದಿಪಡಿಸಿ ಅಲ್ಲಿಯೇ ತಪಾಸಣೆ ನಡೆಸುವುದು ಅಸಾಧ್ಯವೇನಲ್ಲ. ಅಲ್ಲಿಯವರೆಗೆ ಶೆಡ್ಡಿನ ವೆಲ್ಡರ್‌ಗೆ ಕಣ್ಣಂದಾಜೇ ಗತಿ.