ದೇಶ ಸುತ್ತುವವರ ಮುಯ್ಯಿ

ಕಳೆದ ಅಡಿಕೆ ಸುಗ್ಗಿಯ ಸಮಯದಲ್ಲಿ ಚನ್ನಗಿರಿ ತಾಲ್ಲೂಕಿನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಒಂದು ಸಣ್ಣ ಪಂಚಾಯಿತಿ ಸೇರಿತ್ತು. ಅದು ಬದುವಿನ ತಕರಾರಾಗಲೀ ಮದುವೆಯ ಮಾತುಕತೆಯಾಗಲೀ ಆಗಿರಲಿಲ್ಲ. ಬೆಂಗಳೂರಿನಲ್ಲಿ ಏಳು ವರ್ಷ ಉದ್ಯೋಗ ಮಾಡಿದ ತಂಗಿಯ ಮಗಳು, ಕೆಲಸ ಬಿಟ್ಟು ಒಂದು ವರ್ಷ ಕಾಲ ಪ್ರಪಂಚ ಸುತ್ತಿ ಬರುವುದಾಗಿ ತಿಳಿಸಿದ್ದಳು. ಸೋದರಮಾವನಾದ ನನ್ನನ್ನು ಕರೆಸಿದ್ದು ಅವಳಿಗೆ ಬುದ್ಧಿ ಹೇಳಲೆಂದು.

ನಾನು ಹೇಳಿದೆ ಕೂಡ. ಇರುವ ಕೆಲಸ ಬಿಟ್ಟರೆ ಮತ್ತೆ ಸಿಕ್ಕುವ ಭರವಸೆ ಏನು? ಕಷ್ಟಪಟ್ಟು ಕೂಡಿಟ್ಟ ಹಣವನ್ನು ಹೀಗೆ ಕಳೆಯಬಹುದೇ? ಒಬ್ಬಳೇ ಹೆಣ್ಣುಮಗಳು ಗೊತ್ತಿಲ್ಲದ ಊರುಗಳಲ್ಲಿ ಹೇಗೆ ಇರುತ್ತಾಳೆ? ಎಲ್ಲವನ್ನೂ ಕೇಳಿಸಿಕೊಂಡ ಅವಳು, "ಮಾವ, ದೇಶ ಸುತ್ತು ಕೋಶ ಓದು ಅಂತ ನನ್ನ ಪ್ರಬಂಧಕ್ಕೆ ಗಾದೆ ಹೇಳಿಕೊಟ್ಟವರು ನೀವೇ ಅಲ್ವಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮಕ್ಕಳ ಪ್ರಬಂಧಕ್ಕೆ ಗಾದೆಯನ್ನು ಒದಗಿಸುವ ನಾವು, ಅವರು ಅದನ್ನು ನಿಜವೆಂದು ನಂಬಿ ಹೊರಟಾಗ ಬಾಗಿಲಿಗೆ ಅಡ್ಡ ನಿಲ್ಲುತ್ತೇವೆ.

ಅಷ್ಟು ಹೊತ್ತು ಮೂಲೆಯಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದ ಅವಳ ತಮ್ಮ ಬಾಯಿ ತೆರೆದ. ಅವನು ತಂದೆಯ ಮಂಡಿನೋವಿನ ಕಾರಣ ಪದವಿಯನ್ನು ಅರ್ಧಕ್ಕೆ ಬಿಟ್ಟು ತೋಟಕ್ಕೆ ನಿಂತವನು. "ಅಕ್ಕ ಹೋಗಿ ಬರ್ಲಿ ಬಿಡ್ರಿ ಮಾವ, ತೋಟ ನೋಡ್ಕೊಳ್ಳೋಕೆ ನಾನಿದೀನಲ್ಲ. ಆದ್ರೆ ಬಂದ ಮೇಲೆ ಒಂದೆರಡು ತಿಂಗಳು ಅವಳು ಇಲ್ಲಿರ್ಲಿ. ನಾನೂ ಒಂದ್ಸಲ ಹೋಗಿ ಬರ್ತೀನಿ." ಅಲ್ಲಿಯವರೆಗೆ ಚುರುಕಾಗಿ ವಾದಿಸುತ್ತಿದ್ದ ಹುಡುಗಿ ಸುಮ್ಮನಾದಳು. ತಮ್ಮನಿಗೂ ಹೋಗುವ ಆಸೆಯಿದೆಯೆಂಬುದು ಅವಳಿಗಾಗಲೀ ನನಗಾಗಲೀ ಅದುವರೆಗೆ ಹೊಳೆದಿರಲಿಲ್ಲ.

ಅವನ ಆ ಮಾತೇ ಈ ಲೇಖನಕ್ಕೆ ಕಾರಣ. ದೀರ್ಘಕಾಲ ರಜೆ ಹಾಕಿ ಪ್ರಪಂಚ ನೋಡಲು ಹೊರಡುವವರು ಈಗ ನಮ್ಮ ಹಳ್ಳಿಗಳಲ್ಲಿಯೂ ಕಾಣತೊಡಗಿದ್ದಾರೆ. ಅವರನ್ನು ಹಳಿಯುವುದು ಸರಿಯಲ್ಲ. ಕೊಂಡಾಡಿ ಕಳಿಸಿಬಿಟ್ಟರೂ ಸಾಲದು. ಒಬ್ಬರು ಹೋಗಬೇಕಾದರೆ ಇನ್ನೊಬ್ಬರು ಉಳಿಯಬೇಕು. ಉಳಿದವರ ಋಣವನ್ನು ಹೋದವರು ತೀರಿಸುವ ಏರ್ಪಾಡು ನಮ್ಮಲ್ಲಿ ಇದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಮಾರಿಕೊಂಡ ರಜೆ

ಮೊದಲು ನನ್ನ ಕಥೆಯನ್ನೇ ಒಪ್ಪಿಸುತ್ತೇನೆ. ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ರಾಜ್ಯ ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನಗಳ ಗಳಿಕೆ ರಜೆ ಉಂಟು. ಅದನ್ನು 300 ದಿನಗಳವರೆಗೆ ಕೂಡಿಡಬಹುದು. ನಿವೃತ್ತಿಯ ದಿನ ಹಣವಾಗಿ ಪಡೆಯಬಹುದು. ನಾನು ಹಾಗೆಯೇ ಮಾಡಿದೆ. ಮೂವತ್ತರ ಹರೆಯದಲ್ಲಿ ಹಿಮಾಲಯವನ್ನೋ ಈಶಾನ್ಯದ ಬೆಟ್ಟಗಳನ್ನೋ ನೋಡಬಹುದಾಗಿದ್ದ ಮುನ್ನೂರು ದಿನಗಳನ್ನು ಅರವತ್ತರಲ್ಲಿ ಮಾರಿ, ಆ ಹಣದಲ್ಲಿ ಕೊಳವೆಬಾವಿ ಕೊರೆಸಿದೆ. ನೀರು ಬರಲಿಲ್ಲ. ಈಗ ಕಾಲವಿದೆ, ಕಾಲುಗಳಿಲ್ಲ.

ರಜೆಯನ್ನು ಮಾರುವವರ ಜೊತೆಗೆ ಅದನ್ನು ಚೂರು ಚೂರಾಗಿ ಬಳಸುವವರೂ ಇದ್ದಾರೆ. ಹತ್ತು ದಿನಗಳಲ್ಲಿ ಐದು ದೇಶ ತೋರಿಸುವ ಪ್ರವಾಸಗಳು ಈಗ ಜಿಲ್ಲಾ ಕೇಂದ್ರಗಳಿಂದಲೂ ಹೊರಡುತ್ತವೆ. ಪರಿಸರದ ಕಾಳಜಿಯುಳ್ಳವರು ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಒಂದು ಕಿಲೋ ವಿಮಾನ ಇಂಧನ ಉರಿದರೆ ಮೂರು ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಬೆಂಗಳೂರಿನಿಂದ ಲಂಡನ್ನಿಗೆ ಸುಮಾರು 8,000 ಕಿ.ಮೀ. ದೂರ. ಹೋಗಿ ಬರುವ ಒಬ್ಬ ಸಾಮಾನ್ಯ ದರ್ಜೆಯ ಪ್ರಯಾಣಿಕನ ಪಾಲಿಗೆ ಬೀಳುವ ಇಂಗಾಲದ ಡೈಆಕ್ಸೈಡ್ ಒಂದು ಟನ್ನಿಗೂ ಮಿಗಿಲು. ಒಬ್ಬ ಭಾರತೀಯನ ಸರಾಸರಿ ಪಾಲು ಇಡೀ ವರ್ಷಕ್ಕೆ ಸುಮಾರು ಎರಡು ಟನ್ ಮಾತ್ರ. ಹತ್ತು ದಿನಗಳಿಗೆಂದು ಹಾರಿದರೂ ಹತ್ತು ತಿಂಗಳಿಗೆಂದು ಹಾರಿದರೂ ಆಕಾಶಕ್ಕೆ ಬೀಳುವ ಈ ಹೊರೆ ಒಂದೇ.

ಆದ್ದರಿಂದ ವರ್ಷಕ್ಕೊಮ್ಮೆ ಹಾರಿ ಹೋಗಿ ಹಾರಿ ಬರುವುದಕ್ಕಿಂತ, ಜೀವಮಾನದಲ್ಲಿ ಒಮ್ಮೆ ಹೋಗಿ, ಅಲ್ಲಿನ ರೈಲು, ಬಸ್ಸು, ದೋಣಿಗಳಲ್ಲಿ ನಿಧಾನವಾಗಿ ಸಂಚರಿಸಿ, ಒಂದೊಂದು ಊರಿನಲ್ಲಿ ತಿಂಗಳುಗಟ್ಟಲೆ ನಿಂತು ಬರುವುದು ಭೂಮಿಗೂ ಹಗುರ, ಹೋದವರಿಗೂ ಲಾಭ. ತಂಗಿಯ ಮಗಳ ಒಂದು ವರ್ಷದ ಆಲೋಚನೆ ದುಂದುಗಾರಿಕೆಯೆಂದು ನಾನು ತಿಳಿದಿದ್ದೆ. ಲೆಕ್ಕ ಹಾಕಿದಾಗ ನನ್ನ ತಿಳಿವಳಿಕೆಯೇ ತಪ್ಪಾಗಿತ್ತು.

ಗುಳೆಯೂ ಪ್ರವಾಸವೂ

ತಿಂಗಳುಗಟ್ಟಲೆ ಮನೆ ಬಿಟ್ಟು ಹೋಗುವುದು ನಮ್ಮ ಸೀಮೆಗೆ ಹೊಸತೂ ಅಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು 1739ರಲ್ಲಿ ಜನಿಸಿದ ಕ್ಷೇತ್ರ. ಪ್ರತಿ ಫೆಬ್ರುವರಿಯಲ್ಲಿ ಅಲ್ಲಿಗೆ ನೆರೆರಾಜ್ಯಗಳಿಂದಲೂ ಲಂಬಾಣಿ ಬಂಧುಗಳು ಬಂದು ಸೇರುತ್ತಾರೆ. ಅವರ ಪೂರ್ವಿಕರು ಎತ್ತುಗಳ ಬೆನ್ನಿಗೆ ಉಪ್ಪು, ದವಸಗಳನ್ನು ಹೇರಿಕೊಂಡು ದೇಶದ ಉದ್ದಗಲಕ್ಕೂ ನಡೆದ ವ್ಯಾಪಾರಿಗಳು. ಹೆದ್ದಾರಿ ಮತ್ತು ರೈಲುಗಳು ಬಂದು ಆ ವೃತ್ತಿ ಕಳಚಿಬಿತ್ತು. ಅಷ್ಟೇ ಅಲ್ಲ, 1871ರಿಂದ ಆರಂಭಗೊಂಡ ಅಪರಾಧಿ ಬುಡಕಟ್ಟುಗಳ ಕಾಯ್ದೆಗಳ ಮೂಲಕ ಬ್ರಿಟಿಷ್ ಆಡಳಿತವು ಅನೇಕ ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಕಟ್ಟಿತು. ಅದು ರದ್ದಾದದ್ದು 1952ರಲ್ಲಿ. ಇಂದು ಬೆನ್ನಿಗೆ ಚೀಲ ಹಾಕಿಕೊಂಡು ಊರೂರು ಅಲೆಯುವವರನ್ನು ನಾವು ಮೆಚ್ಚುತ್ತೇವೆ. ಅದೇ ಅಲೆದಾಟವು ಬಡವರದಾಗಿದ್ದಾಗ ಅಪರಾಧವಾಗಿತ್ತು.

ಇಂದಿಗೂ ಈ ಭಾಗದ ತಾಂಡಾಗಳಿಂದ ಕುಟುಂಬಗಳು ಕಾಫಿ ಕೊಯ್ಲಿನ ಕಾಲಕ್ಕೆ ಚಿಕ್ಕಮಗಳೂರು, ಕೊಡಗುಗಳ ತೋಟಗಳಿಗೂ, ಕಬ್ಬು ಕಡಿಯಲು ಮಂಡ್ಯದ ಕಡೆಗೂ ಹೊರಡುತ್ತವೆ. ಮಳೆ ಕೈಕೊಟ್ಟ ವರ್ಷ ಜಗಳೂರಿನ ಹಳ್ಳಿಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವವರ ಸಾಲು ಬೆಳೆಯುತ್ತದೆ. ಬಾಗಿಲಿಗೆ ಬೀಗ, ಜಗುಲಿಯ ಮೇಲೆ ಮುದುಕರು, ಶಾಲೆಯ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಮುಂದೆ ಗೈರು. ಇದಕ್ಕೆ ಪ್ರವಾಸವೆಂಬ ಹೆಸರಿಲ್ಲ. ಗುಳೆ ಎಂಬ ಹೆಸರಿದೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆಯನ್ನು ಊರಿನಲ್ಲಿಯೇ ಕೊಟ್ಟಾಗ ಗುಳೆ ನಿಲ್ಲುವುದೆಂದು ನಾವೆಲ್ಲ ಆಶಿಸಿದ್ದೆವು. ಅದು ಪೂರ್ಣವಾಗಿ ನಿಲ್ಲಲಿಲ್ಲ.

ಗುಳೆಗೂ ಪ್ರವಾಸಕ್ಕೂ ಇರುವ ವ್ಯತ್ಯಾಸ ದೂರದ್ದಲ್ಲ, ಕಾಲದ್ದೂ ಅಲ್ಲ. ಯಾವ ದಿನ ಹೊರಡಬೇಕು, ಯಾವ ದಿನ ಮರಳಬೇಕು ಎಂಬುದನ್ನು ತಾನೇ ನಿರ್ಧರಿಸುವವನು ಪ್ರವಾಸಿ. ಹೊಟ್ಟೆಯೋ ಮೇಸ್ತ್ರಿಯ ಮುಂಗಡವೋ ಅದನ್ನು ನಿರ್ಧರಿಸಿದರೆ ಅದು ಗುಳೆ. ಹಾಗಿದ್ದರೂ ಕಾಫಿ ತೋಟದಿಂದ ಮರಳಿದ ಹತ್ತು ವರ್ಷದ ಹುಡುಗಿ ಪಶ್ಚಿಮಘಟ್ಟದ ಮಂಜು, ಜಿಗಣೆ, ನೆರಳುಮರ, ಆನೆಯ ಭಯ ಎಲ್ಲವನ್ನೂ ಕಂಡು ಬಂದಿರುತ್ತಾಳೆ. ತರಗತಿಯಲ್ಲಿ ಅವಳನ್ನು ಕೇಳುವ ಪ್ರಶ್ನೆ ಒಂದೇ: ಇಷ್ಟು ದಿನ ಯಾಕೆ ಬರಲಿಲ್ಲ? ಏನು ನೋಡಿ ಬಂದೆ ಎಂದು ಯಾರೂ ಕೇಳುವುದಿಲ್ಲ.

ಚಹಾದ ಪೊಟ್ಟಣಗಳು

ದೀರ್ಘ ಪ್ರಯಾಣವೆಂದರೆ ಹೇಗಿರಬಹುದೆಂಬುದಕ್ಕೆ ನಮ್ಮ ನಾಡಿಗೆ ಸಂಬಂಧಿಸಿದ ಒಂದು ನಿದರ್ಶನವಿದೆ. ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಎಂಬ ಇಬ್ಬರು ತರುಣರು ಬೆಂಗಳೂರಿನಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದಾಗ, ಅಣ್ವಸ್ತ್ರಗಳ ವಿರುದ್ಧ ಪ್ರತಿಭಟಿಸಿದ ವೃದ್ಧ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರು ಸೆರೆಮನೆಗೆ ಹೋದ ಸುದ್ದಿಯನ್ನು ಓದಿದರು. 1962ರಲ್ಲಿ ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟ ಅವರು ಕೈಯಲ್ಲಿ ಹಣವಿಲ್ಲದೆ ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್‌ಗಳನ್ನು ದಾಟಿ ಮಾಸ್ಕೋ, ಪ್ಯಾರಿಸ್, ಲಂಡನ್‌ಗಳನ್ನು ತಲುಪಿ, ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ ವಾಷಿಂಗ್ಟನ್ನಿನವರೆಗೆ ನಡೆದರು. ಅನ್ನ, ಆಸರೆ ಎಲ್ಲವೂ ದಾರಿಯ ಜನ ಕೊಟ್ಟದ್ದು. ಸೋವಿಯತ್ ದೇಶದ ಚಹಾ ಕಾರ್ಖಾನೆಯೊಂದರ ಬಳಿ ಒಬ್ಬ ಹೆಂಗಸು ಅವರ ಕೈಗೆ ನಾಲ್ಕು ಚಹಾ ಪೊಟ್ಟಣಗಳನ್ನಿತ್ತಳು. ಅಣ್ವಸ್ತ್ರ ಹೊಂದಿದ ನಾಲ್ಕು ದೇಶಗಳ ನಾಯಕರಿಗೆ ಒಂದೊಂದನ್ನು ತಲುಪಿಸಬೇಕು. ಬಾಂಬಿನ ಗುಂಡಿ ಒತ್ತುವ ಯೋಚನೆ ಬಂದಾಗ ಅವರು ಮೊದಲು ಕುಳಿತು ಈ ಚಹಾ ಕುಡಿಯಲಿ ಎಂಬುದು ಅವಳ ಕೋರಿಕೆ. ಅನ್ನವಿಕ್ಕಿದವರ ಮಾತನ್ನು ಹೊತ್ತು ಮುಂದೆ ಮುಟ್ಟಿಸಿದ್ದರಿಂದ ಅವರ ನಡಿಗೆಗೆ ಬೆಲೆ ಬಂದಿತು.

ನಮ್ಮ ಚಳವಳಿಯ ಇತಿಹಾಸವೂ ಇದನ್ನೇ ಹೇಳುತ್ತದೆ. ಸುಂದರಲಾಲ್ ಬಹುಗುಣ ಅವರು 1981ರಿಂದ 1983ರವರೆಗೆ ಕಾಶ್ಮೀರದಿಂದ ಕೊಹಿಮಾದವರೆಗೆ 4,870 ಕಿ.ಮೀ. ನಡೆದರು. ಹಿಮಾಲಯದ ಚಿಪ್ಕೋ 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಕಾಡಿನಲ್ಲಿ ಅಪ್ಪಿಕೋ ಆಗಿ ಮರುಹುಟ್ಟು ಪಡೆದದ್ದು, ಪಾಂಡುರಂಗ ಹೆಗಡೆಯವರಂಥವರು ಅಲ್ಲಿಗೆ ಹೋಗಿ ಬಂದುದರಿಂದ, ಅಲ್ಲಿಯವರು ಇಲ್ಲಿಗೆ ಬಂದುದರಿಂದ. 1987ರ ನವೆಂಬರ್‌ನಿಂದ 1988ರ ಫೆಬ್ರುವರಿಯವರೆಗೆ ಒಂದು ತಂಡ ಕನ್ಯಾಕುಮಾರಿಯಿಂದ, ಇನ್ನೊಂದು ತಂಡ ಮಹಾರಾಷ್ಟ್ರದ ನವಾಪುರದಿಂದ ಹೊರಟು ಪಶ್ಚಿಮಘಟ್ಟದ ಉದ್ದಕ್ಕೂ ನಡೆದು ಗೋವಾದಲ್ಲಿ ಸೇರಿದವು. ಅವರೆಲ್ಲರ ಹಿಂದೆ ಮನೆಯಲ್ಲಿ ಹಸು ಕಟ್ಟಿದವರು, ಗದ್ದೆಗೆ ನೀರು ಬಿಟ್ಟವರು ಇದ್ದರು. ಅವರ ಹೆಸರುಗಳು ಎಲ್ಲಿಯೂ ದಾಖಲಾಗಲಿಲ್ಲ.

ನಾವು ಮಾಡಬಹುದಾದದ್ದು

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು. ಕೆಲವೆಡೆ ಈಗಲೂ ಇದೆ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿಯ ಮಾತಿಲ್ಲ, ಮರೆಯುವಂತೆಯೂ ಇಲ್ಲ. ಇದೇ ಮುಯ್ಯಿಯನ್ನು ಪ್ರವಾಸಕ್ಕೂ ಏಕೆ ಅನ್ವಯಿಸಬಾರದು?

ಮೊದಲನೆಯದಾಗಿ, ಮನೆಯಲ್ಲಿ ಒಬ್ಬರು ದೀರ್ಘಕಾಲ ಹೊರಡುವುದಾದರೆ ಉಳಿಯುವವರ ಸರದಿಯನ್ನೂ ಅಂದೇ ನಿಶ್ಚಯಿಸಬೇಕು. ಅಡಿಕೆ ಫಸಲನ್ನು ಒಂದು ವರ್ಷ ಚೇಣಿಗೆ ಕೊಡಬಹುದು. ಆದರೆ ಹಾಲು ಕರೆಯುವುದನ್ನು, ಮುದುಕರ ಔಷಧಿಯನ್ನು ಚೇಣಿಗೆ ಕೊಡಲಾಗದು. ಈ ಕೆಲಸ ಸಾಮಾನ್ಯವಾಗಿ ಮನೆಯ ಹೆಂಗಸರ ಪಾಲಿಗೆ ಬೀಳುತ್ತದೆ. ಸರದಿಯ ಪಟ್ಟಿಯಲ್ಲಿ ಅವರ ಹೆಸರು ಮೊದಲು ಇರಲಿ.

ಎರಡನೆಯದಾಗಿ, ವಿದ್ಯಾರ್ಥಿಗಳೇ, ಪದವಿ ಮುಗಿದ ಕೂಡಲೇ ಕೆಲಸಕ್ಕೆ ಓಡಬೇಕೆಂಬ ಅವಸರವಿಲ್ಲದಿದ್ದರೆ, ವಿದೇಶದ ಹಣ ಕೂಡುವವರೆಗೂ ಕಾಯದೆ ನಾಲ್ಕಾರು ಮಂದಿ ಸೇರಿ ಗಂಗಾಮೂಲದಿಂದ ಕೂಡ್ಲಿ, ಹೊನ್ನಾಳಿ, ಹರಿಹರಗಳವರೆಗೆ ನದಿಯ ಜೊತೆ ನಡೆದು ಬನ್ನಿ. ಮುಂದೆ ನೀವು ಎಷ್ಟೇ ದೂರ ಹೋದರೂ ಜನ ಕೇಳುವ ಮೊದಲ ಪ್ರಶ್ನೆ "ನಿಮ್ಮ ಊರಲ್ಲಿ ಏನಿದೆ?" ಎಂಬುದು. ಸೂಳೆಕೆರೆಯ ನೀರು ಎಲ್ಲಿಂದ ಬರುತ್ತದೆ, ಭಾರತ ಮತ್ತು ನೇಪಾಳಗಳಲ್ಲಿ ಮಾತ್ರ ಕಾಣುವ ನಾಲ್ಕು ಕೊಂಬಿನ ಕೊಂಡುಕುರಿಗಾಗಿ ಜಗಳೂರಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ ವನ್ಯಧಾಮ ಏಕಾಯಿತು ಎಂದು ಹೇಳಬಲ್ಲವನ ಬುತ್ತಿ ದಾರಿಯಲ್ಲಿ ಖಾಲಿಯಾಗದು.

ಮೂರನೆಯದಾಗಿ, ಶಿಕ್ಷಕ ಮಿತ್ರರು ಗುಳೆಯಿಂದ ಮರಳಿದ ಮಕ್ಕಳಿಗೆ ಒಂದು ತರಗತಿಯನ್ನು ಬಿಟ್ಟುಕೊಡಲಿ. ಅವರು ಕಂಡದ್ದನ್ನು ಹೇಳಲಿ, ಉಳಿದ ಮಕ್ಕಳು ಭೂಪಟದಲ್ಲಿ ಗುರುತಿಸಲಿ. ಕೊಯ್ಲಿನ ತಿಂಗಳುಗಳಲ್ಲಿ ಆ ಮಕ್ಕಳು ಊರಿನಲ್ಲಿಯೇ ಉಳಿದು ಓದಲು ಬೇಕಾದ ವಸತಿಯ ಬೇಡಿಕೆಯನ್ನು ಗ್ರಾಮಸಭೆಗಳಲ್ಲಿ ನಾವು ಬರವಣಿಗೆಯಲ್ಲಿ ಮಂಡಿಸಬೇಕು.

ನಾಲ್ಕನೆಯದಾಗಿ, ಹೊರಗೆ ಆತಿಥ್ಯ ಪಡೆಯುವವರು ಇಲ್ಲಿಯೂ ಆತಿಥ್ಯ ಕೊಡಬೇಕು. ಸಂತೇಬೆನ್ನೂರಿನ ಪುಷ್ಕರಿಣಿಯ ಪಕ್ಕದ ಕಟ್ಟಡವನ್ನು ಇಂದಿಗೂ ಮುಸಾಫಿರಖಾನೆ ಎಂದೇ ಕರೆಯುತ್ತಾರೆ. ದಾರಿಹೋಕರಿಗೆ ತಂಗುದಾಣವೊಂದು ಬೇಕೆಂಬ ಅರಿವು ಈ ನೆಲಕ್ಕೆ ಹಳೆಯದು. ಕಟ್ಟಡ ಕೆಲಸಕ್ಕೆಂದು ಬೇರೆ ರಾಜ್ಯಗಳಿಂದ ನಮ್ಮ ಊರುಗಳಿಗೆ ಬಂದಿರುವ ಹುಡುಗರ ಹೆಸರನ್ನಾದರೂ ನಾವು ಕೇಳಿದ್ದೇವೆಯೇ?

ತಂಗಿಯ ಮಗಳು ಯುಗಾದಿ ಕಳೆದು ಹೊರಡುವುದೆಂದು ನಿರ್ಧಾರವಾಗಿದೆ. ಒಂದೇ ಬಾರಿ ಹಾರುವುದು, ಉಳಿದದ್ದೆಲ್ಲ ನೆಲದ ಮೇಲೆಯೇ ಎಂದು ಅವಳೇ ಹೇಳಿದ್ದಾಳೆ. ಈಗ ಭಾನುವಾರಗಳಂದು ಊರಿಗೆ ಬಂದು, ಹನಿ ನೀರಾವರಿಯ ಗೇಟ್‌ವಾಲ್ವ್ ಯಾವುದು ಯಾವ ಸಾಲಿಗೆ ಎಂಬುದನ್ನು ತಮ್ಮನಿಂದ ಕಲಿಯುತ್ತಿದ್ದಾಳೆ. ಮರಳಿದ ಮೇಲೆ ಎರಡು ತಿಂಗಳು ತೋಟ ಅವಳದು. ಅವನು ಎಲ್ಲಿಗೆ ಹೋಗುತ್ತಾನೆಂದು ಕೇಳಿದೆ. "ಇನ್ನೂ ಗೊತ್ತಿಲ್ಲ ಮಾವ" ಎಂದ. ಹೋಗುವ ಊರು ಗೊತ್ತಿಲ್ಲದಿದ್ದರೂ ಒಂದು ಚೀಲವನ್ನು ಮಾತ್ರ ಅವನು ಆಗಲೇ ಕೊಂಡಿಟ್ಟಿದ್ದಾನೆ.