ಇಂಜಿನ್‌ಗೆ ರೆಕ್ಕೆ ಕಟ್ಟಿದರೆ ಅಳಿವೆ ದಾಟಬಹುದೇ?



ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ತನಕ, 61 ದಿನ ನಮ್ಮ ಕರಾವಳಿಯ ಯಾಂತ್ರೀಕೃತ ಬೋಟುಗಳು ದಡದಲ್ಲಿರುತ್ತವೆ. ಆಗ ಕಡಲಿಗಿಳಿಯಲು ಅವಕಾಶವಿರುವುದು 10 ಅಶ್ವಶಕ್ತಿಯೊಳಗಿನ ಇಂಜಿನ್ ಅಳವಡಿಸಿದ ನಾಡದೋಣಿಗಳಿಗೆ ಮಾತ್ರ. ಶಿರೂರು, ಉಪ್ಪುಂದ, ಮರವಂತೆ, ಗಂಗೊಳ್ಳಿಯಿಂದ ಕೋಡಿಬೆಂಗ್ರೆಯ ತನಕ ಅನೇಕ ಕುಟುಂಬಗಳ ಮಳೆಗಾಲದ ಅನ್ನ ಈ ಸಣ್ಣ ಔಟ್‌ಬೋರ್ಡ್ ಇಂಜಿನನ್ನು ಅವಲಂಬಿಸಿದೆ. ಇಂಥ ಇಂಜಿನ್‌ಗಳಿಗೆ ಅಳವಡಿಸುವ 'ಸ್ಟೆಬಿಲೈಸರ್' ಎಂಬ ರೆಕ್ಕೆಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಹೆಸರು ಕೇಳಿದರೆ ದೋಣಿ ಮಗುಚದಂತೆ ಕಾಪಾಡುವ ಸಾಧನ ಅನಿಸುತ್ತದೆ. ಅದು ನಿಜವೇ?

ಪ್ರೊಪೆಲ್ಲರ್‌ನ ಮೇಲ್ಗಡೆ ಇರುವ ಚಪ್ಪಟೆ ತಟ್ಟೆಗೆ ಎರಡೂ ಬದಿಯಲ್ಲಿ ಈ ರೆಕ್ಕೆಗಳನ್ನು ಬೋಲ್ಟ್ ಹಾಕಿ ಬಿಗಿಯುತ್ತಾರೆ. ವೇಗವಾಗಿ ಹೋಗುವಾಗ ರೆಕ್ಕೆಯ ಮೇಲೆ ಹರಿಯುವ ನೀರು ದೋಣಿಯ ಹಿಂಭಾಗವನ್ನು ಎತ್ತುತ್ತದೆ, ಮೂತಿ ಕೆಳಗಿಳಿಯುತ್ತದೆ. ನೀರಿನ ಮೇಲೆ ಜಾರುತ್ತಾ ಓಡುವ ಹಗುರ ಫೈಬರ್ ದೋಣಿಗೆ ಇದರಿಂದ ಪ್ರಯೋಜನವಿದೆ. ಆದರೆ ಬಲೆ, ಮಂಜುಗಡ್ಡೆ, ಜನ ತುಂಬಿದ ನಾಡದೋಣಿ ನೀರನ್ನು ಸೀಳಿಕೊಂಡು ನಿಧಾನವಾಗಿ ಸಾಗುವಂಥದ್ದು. ಅಲ್ಲಿ ರೆಕ್ಕೆಯ ಲಾಭ ಅತ್ಯಲ್ಪ. ಜೊತೆಗೆ ಬಲೆಯ ಹಗ್ಗ ಸಿಕ್ಕಿಕೊಳ್ಳಬಹುದು, ತೂತು ಕೊರೆದ ತಟ್ಟೆ ದುರ್ಬಲವಾಗಬಹುದು.

ಅಪಾಯವಿರುವುದು ಅಳಿವೆಯಲ್ಲಿ. ಗಂಗೊಳ್ಳಿಯಲ್ಲಿ ಐದು ನದಿಗಳು, ಕೋಡಿಬೆಂಗ್ರೆಯಲ್ಲಿ ಸೀತಾ ಮತ್ತು ಸುವರ್ಣಾ ನದಿಗಳು ಕಡಲು ಸೇರುತ್ತವೆ. ಮಳೆಯ ನೆರೆ ಹೊರಗೆ ನುಗ್ಗುವಾಗ ಕಡಲಿನ ಅಲೆ ಒಳಗೆ ನುಗ್ಗುತ್ತದೆ, ನಡುವೆ ಮರಳಿನ ದಿಬ್ಬ ಜಾಗ ಬದಲಿಸುತ್ತಿರುತ್ತದೆ. ಅಲೆಯ ನೆತ್ತಿಯಲ್ಲಿ ದೋಣಿಯ ಹಿಂಭಾಗ ಮೇಲೆದ್ದಾಗ ಪ್ರೊಪೆಲ್ಲರ್ ಗಾಳಿಯಲ್ಲಿ ತಿರುಗುತ್ತದೆ, ಇಂಜಿನ್ ಕಿರುಚುತ್ತದೆ, ದೋಣಿ ಮಾತು ಕೇಳುವುದಿಲ್ಲ. ಆ ಕೆಲವು ಕ್ಷಣಗಳಲ್ಲಿ ಅದು ಅಡ್ಡ ತಿರುಗಿದರೆ ಮುಗಿಯಿತು. ಆಗ ರೆಕ್ಕೆಯೂ ನೀರಿನ ಹೊರಗೇ ಇರುತ್ತದೆ. ದಡಕ್ಕೆ ಮರಳುವಾಗ, ಹಿಂದಿನಿಂದ ಅಲೆ ತಳ್ಳುತ್ತಿದ್ದರೆ, ಹಿಂಭಾಗವನ್ನು ಎತ್ತುವ ರೆಕ್ಕೆ ಮೂತಿಯನ್ನು ಇನ್ನಷ್ಟು ನೀರಿಗೆ ಒತ್ತುವ ಭಯವೂ ಇದೆ.

2020ರ ಆಗಸ್ಟ್‌ನಲ್ಲಿ ಬೈಂದೂರಿನ ಕೊಡೇರಿಯಲ್ಲಿ ನಾಡದೋಣಿ ಮಗುಚಿ ನಾಲ್ವರು ಪ್ರಾಣ ಕಳೆದುಕೊಂಡರು. 2025ರ ಜುಲೈ 15ರಂದು ಗಂಗೊಳ್ಳಿಯಲ್ಲಿ ಮೂವರು ಸಮುದ್ರಪಾಲಾದರು. ಧರ್ಮಸಭೆ ಕಡಲ ದುಡಿಮೆಗಾರರಿಗಾಗಿ ಪ್ರಾರ್ಥಿಸುವ ಸಾಗರ ಭಾನುವಾರ ಕಳೆದು ಆಗ ಎರಡೇ ದಿನ ಆಗಿತ್ತು.

ಹಾಗಾದರೆ ನಾವು ಮಾಡಬೇಕಾದದ್ದೇನು? ಇಂಜಿನ್ ಕೂರಿಸಿದ ಎತ್ತರ ಮತ್ತು ಕೋನ ಸರಿಯಿದೆಯೇ, ದೋಣಿಗೆ ತಕ್ಕ ಪ್ರೊಪೆಲ್ಲರ್ ಇದೆಯೇ, ಭಾರ ಸಮನಾಗಿ ಹಂಚಿದೆಯೇ ಎಂದು ಮೊದಲು ಮೆಕ್ಯಾನಿಕ್‌ಗೆ ತೋರಿಸಬೇಕು. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ರೆಕ್ಕೆಗೆ ಕೊಡುವ ಹಣ ಲೈಫ್ ಜಾಕೆಟ್‌ಗೆ ಹೋಗಲಿ. ಜಾಕೆಟ್ ದೋಣಿಯ ಮೂಲೆಯಲ್ಲಿರದೆ ಮೈಮೇಲಿರಲಿ. ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳು ಎಲ್ಲರಿಗೂ ಬಾಯಿಪಾಠವಾಗಿರಲಿ. ಹೂಳೆತ್ತುವುದು, ತಡೆಗೋಡೆ ಕಟ್ಟುವುದು ಸರಕಾರದ ಹೊಣೆ. ಅದನ್ನು ಕೇಳುವಾಗ ಮೊಗವೀರ, ಖಾರ್ವಿ, ಕ್ರೈಸ್ತ ಎಂಬ ಭೇದವಿಲ್ಲದೆ ಒಂದೇ ದನಿಯಲ್ಲಿ ಕೇಳೋಣ.

ಮಳೆಗಾಲದ ಮೊದಲು ದೋಣಿಗಳ ಆಶೀರ್ವಾದಕ್ಕೆ ಧರ್ಮಗುರುಗಳನ್ನು ಕರೆಯುವ ಮನೆಗಳಿವೆ. ಪವಿತ್ರ ಜಲ ಪ್ರೋಕ್ಷಿಸುವ ಮುನ್ನ 'ಜಾಕೆಟ್ ಎಷ್ಟಿವೆ?' ಎಂದು ಗುರುಗಳು ಕೇಳಲಿ. ವಾಳೆಯ ಗುರಿಕಾರರು ಆ ಲೆಕ್ಕ ಬರೆದಿಡಲಿ. ಇದು ಪ್ರಾರ್ಥನೆಗೆ ಹೊರತಾದ ಕೆಲಸವಲ್ಲ, ಪ್ರಾರ್ಥನೆಯ ಇನ್ನರ್ಧ.