ಶಾಲೆಯ ಉಚಿತ ವಿದ್ಯುತ್ತಿಗೂ ಲೆಕ್ಕವಿರಲಿ

ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ನೀಡುವುದಾಗಿ ರಾಜ್ಯ ಸರ್ಕಾರವು 2023ರ ನವೆಂಬರ್ 1ರಂದು ಘೋಷಿಸಿತು. ಬಾಕಿ ಬಿಲ್ಲಿನ ಚಿಂತೆಯಿಂದ ಮುಖ್ಯೋಪಾಧ್ಯಾಯರು ಮುಕ್ತರಾದುದು ಸ್ವಾಗತಾರ್ಹ. ಆದರೆ ಹಣ ತೆರುವವರು ಒಬ್ಬರು, ಸ್ವಿಚ್ಚು ಒತ್ತುವವರು ಮತ್ತೊಬ್ಬರಾದಾಗ ಮಿತವ್ಯಯದ ಹೊಣೆ ಯಾರದೂ ಆಗುವುದಿಲ್ಲ. ಮೆಸ್ಕಾಂಗೆ ಸಲ್ಲುವ ಮೊತ್ತ ತೆರಿಗೆದಾರನದೇ ಎಂಬುದನ್ನು ಶಿವಮೊಗ್ಗ, ಭದ್ರಾವತಿಗಳ ವರ್ತಕರಿಗೆ ವಿವರಿಸಬೇಕಾಗಿಲ್ಲ.

ಹಳೆಯ ಫ್ಯಾನು ಸುಮಾರು 75 ವ್ಯಾಟ್ ಬಳಸಿದರೆ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು. ಕೊಠಡಿಗೆ ಎರಡು ಫ್ಯಾನು, ದಿನಕ್ಕೆ 6 ಗಂಟೆ, ವರ್ಷಕ್ಕೆ 220 ದಿನವೆಂದು ಹಿಡಿದರೂ ಹತ್ತು ಕೊಠಡಿಗಳ ಶಾಲೆಯಲ್ಲಿ ಸುಮಾರು 1,190 ಯೂನಿಟ್ ಉಳಿಯುತ್ತದೆ. ಬೆಲೆ ಹೆಚ್ಚೆಂಬುದು ನಿಜ. ಬಾಳಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಂಚಿನ ಮಾಡಿನ ಹಳೆಯ ಶಾಲೆಗಳಿಗೆ ಇನ್ನೂ ಅಗ್ಗದ ಉಪಾಯವಿದೆ. ಕತ್ತಲ ಕೊಠಡಿಗೆ ನಾಲ್ಕು ಗಾಜಿನ ಹಂಚು ಹೊದಿಸಿದರೆ ಹಗಲಿನಲ್ಲಿ ಬಹುಪಾಲು ದೀಪವೇ ಬೇಡ. ಆರ್‌ಸಿಸಿ ತಾರಸಿಗೆ ಬೇಸಿಗೆಯ ಮುನ್ನ ಸುಣ್ಣ ಬಳಿದರೆ ಕಾವು ತಗ್ಗುತ್ತದೆ. (ಹಿರಿಯರು ಇದಕ್ಕೆ ತಜ್ಞರ ವರದಿ ಕೇಳಿರಲಿಲ್ಲ.)

ಶಾಲೆಗೆ ಕೊಡುಗೆ ನೀಡುವ ವರ್ತಕರು ಹೆಸರು ಬರೆಸಿದ ಗಡಿಯಾರ, ಬೀರುಗಳ ಬದಲು ಇಂತಹ ಫ್ಯಾನುಗಳನ್ನು ಕೊಡಲಿ. ಪ್ರತಿಯಾಗಿ ಎಸ್‌ಡಿಎಂಸಿಯು ಪ್ರತಿ ತಿಂಗಳ ಮೀಟರಿನ ಅಂಕಿಯನ್ನು ಸೂಚನಾ ಫಲಕದಲ್ಲಿ ಬರೆಸಬೇಕೆಂಬ ಒಂದೇ ಷರತ್ತನ್ನು ವಿಧಿಸಲಿ.